ದೊಡ್ಡ ಸ್ವಾಮಿಯವರೂ ಸಂತರ ಪಟ್ಟಿಯೂ

ಶ್ರೀರಂಗಪಟ್ಟಣದ ಕೋಟೆಯನ್ನು ಹಿಂದಕ್ಕೆ ಬಿಟ್ಟು ಸಂಗಮದ ದಾರಿಯನ್ನು ಹಿಡಿದವರಿಗೆ ಗಂಜಾಮು ಸಿಕ್ಕುತ್ತದೆ. ನಿಮಿಷಾಂಬೆಯ ದರ್ಶನಕ್ಕೂ ಗುಂಬಜಿನ ನೋಟಕ್ಕೂ ಹೋಗುವ ಜನ ಅದನ್ನು ಹಾದುಹೋಗುತ್ತಾರೆ. ಅಲ್ಲಿಯ ಹಳೆಯ ಕ್ರೈಸ್ತ ದೇವಾಲಯದ ಕಡೆಗೆ ಮುಖ ತಿರುಗಿಸುವವರು ಕಡಮೆ. ಆ ದೇವಾಲಯದೊಂದಿಗೆ ಬೆಸೆದುಕೊಂಡಿರುವ ಹೆಸರು ಅಬ್ಬೆ ದುಬಾಯ್ ಅವರದು. ಫ್ರಾನ್ಸ್ ದೇಶದಲ್ಲಿ ಹುಟ್ಟಿ, 1792ರಲ್ಲಿ ಗುರುದೀಕ್ಷೆ ಪಡೆದು, ಆ ವರ್ಷವೇ ಹಿಂದೂದೇಶಕ್ಕೆ ಬಂದ ಈ ಪಾದ್ರಿಯವರು 1799ರಲ್ಲಿ ಪಟ್ಟಣವು ಬಿದ್ದ ಮೇಲೆ ನಮ್ಮ ಸೀಮೆಗೆ ಬಂದು, ಎರಡು ದಶಕಗಳಿಗೂ ಮಿಕ್ಕ ಕಾಲ ಇಲ್ಲಿಯೇ ನೆಲಸಿದರು. ಊಟ ಉಡುಪುಗಳಲ್ಲಿ ಈ ದೇಶದವರಂತೆಯೇ ಬದುಕಿದ ಅವರನ್ನು ಜನ ಕರೆಯುತ್ತಿದ್ದುದು ದೊಡ್ಡ ಸ್ವಾಮಿಯವರೆಂದು.

ಅವರ ವಿಷಯವನ್ನು ನಾವು ಬಲ್ಲ ಮಟ್ಟಿಗೆ ಹೇಳಿದಾಗಲೆಲ್ಲ ಮಿತ್ರರಲ್ಲಿ ಒಬ್ಬರಾದರೂ ಒಂದು ಪ್ರಶ್ನೆಯನ್ನು ಹಾಕದೆ ಬಿಡುವುದಿಲ್ಲ: “ಇಷ್ಟು ದೊಡ್ಡವರಾಗಿದ್ದರೆ ಅವರ ಮತದವರು ಅವರನ್ನು ಸಂತರೆಂದು ಏಕೆ ಸಾರಲಿಲ್ಲ?” ಪ್ರಶ್ನೆ ಸಹಜವಾದದ್ದೇ. ಆದರೆ ಅದರೊಳಗೆ ಒಂದು ಊಹೆ ಅಡಗಿದೆ. ದೊಡ್ಡವರೆಲ್ಲರೂ ಸಂತರ ಪಟ್ಟಿಗೆ ಸೇರಬೇಕು, ಸೇರದವರಲ್ಲಿ ಏನೋ ಕೊರತೆಯಿದ್ದಿರಬೇಕು ಎಂಬುದೇ ಆ ಊಹೆ. ಕ್ರೈಸ್ತ ಧರ್ಮಸಭೆಯಲ್ಲಿ ಸಂತಪದವಿಯ ಘೋಷಣೆ ಹೇಗೆ ನಡೆಯುತ್ತದೆಂಬುದನ್ನು ಬಿಡಿಸಿ ನೋಡಿದರೆ ಈ ಊಹೆ ಎಲ್ಲಿ ತಪ್ಪುತ್ತದೆಂಬುದು ತಿಳಿಯುತ್ತದೆ.

ಮೊದಲು ನಮ್ಮ ನೆಲದ ವಾಡಿಕೆಯನ್ನು ನೆನೆದುಕೊಳ್ಳೋಣ. ಕೃಷ್ಣರಾಜಪೇಟೆ, ನಾಗಮಂಗಲಗಳ ಕಡೆ ಹಳ್ಳಿಗಳನ್ನು ಸುತ್ತಿದವರಿಗೆ ಊರ ಮುಂದೆಯೋ ಕೆರೆಯ ಏರಿಯ ಮೇಲೆಯೋ ನಿಂತ ವೀರಗಲ್ಲುಗಳ ಪರಿಚಯವಿದ್ದೇ ಇರುತ್ತದೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಣ ಪಟ್ಟಿಕೆಯಲ್ಲಿ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲಿನದರಲ್ಲಿ ಕೈಲಾಸ. ತುರು ಕಾಯುವಾಗ ಸತ್ತವನು ನೇರವಾಗಿ ಶಿವನ ಸನ್ನಿಧಿಗೆ ಹೋದನೆಂಬ ತೀರ್ಮಾನವನ್ನು ಕೊಟ್ಟವರು ಯಾರು? ಊರವರು. ಸಾಕ್ಷಿ ಕೇಳಿದವರಿಲ್ಲ, ಮರುವಿಚಾರಣೆ ಬೇಡಿದವರಿಲ್ಲ. ಕಲ್ಲುಕುಟಿಗನ ಉಳಿಯೇ ಕಡೆಯ ಮಾತು. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಗೆ ಹೋದರೆ ಇನ್ನೊಂದು ಬಗೆ. ಅಲ್ಲಿಯ ರಾಮಾನುಜಾಚಾರ್ಯರ ವಿಗ್ರಹಕ್ಕೆ ತಮರುಗಂದ ತಿರುಮೇನಿ, ಎಂದರೆ ತಮ್ಮವರು ಮೆಚ್ಚಿದ ಮೂರ್ತಿ, ಎಂದು ಹೆಸರು. ಆಚಾರ್ಯರು ಊರು ಬಿಟ್ಟು ಹೊರಟಾಗ ಅಗಲಿಕೆಯನ್ನು ತಾಳಲಾರದ ಶಿಷ್ಯರು ಅದನ್ನು ಮಾಡಿಸಿಕೊಂಡರೆಂದು ಸಂಪ್ರದಾಯವು ಹೇಳುತ್ತದೆ. ಬದುಕಿರುವಾಗಲೇ ಪೂಜೆಗೆ ನಿಂತ ಮೂರ್ತಿ ಅದು. ಭಕ್ತರ ಮೆಚ್ಚಿಕೆಗಿಂತ ಬೇರೆ ಪ್ರಮಾಣ ಅಲ್ಲಿ ಬೇಕಾಗಲಿಲ್ಲ.

ಕ್ರೈಸ್ತರಲ್ಲಿಯೂ ಆದಿಯಲ್ಲಿ ನಡೆದುದು ಹೆಚ್ಚು ಕಡಮೆ ಹೀಗೆಯೇ. ರೋಮ್ ಚಕ್ರವರ್ತಿಗಳ ಕಾಲದಲ್ಲಿ ನಂಬಿಕೆಗಾಗಿ ಪ್ರಾಣ ಕೊಟ್ಟವರ ಸಮಾಧಿಗಳ ಬಳಿ ಜನ ವರ್ಷಕ್ಕೊಮ್ಮೆ ನೆರೆದರು. ಅವರ ಹೆಸರನ್ನು ಪೂಜಾವಿಧಿಯಲ್ಲಿ ಓದಿದರು. ಅಷ್ಟರಿಂದಲೇ ಅವರು ಸಂತರಾದರು. ಮುಂದೆ ಬಿಷಪ್ಪರ ಒಪ್ಪಿಗೆ ಬೇಕೆಂದಾಯಿತು. ಪೋಪರು ತಾವೇ ಸಂತಪದವಿಯನ್ನು ಸಾರಿದ, ದಾಖಲೆಯುಳ್ಳ ಮೊದಲ ಪ್ರಸಂಗ 993ರದು. ಆಗ್ಸ್‌ಬರ್ಗಿನ ಬಿಷಪ್ ಉಲ್ರಿಕ್ ಎಂಬವರನ್ನು ಕುರಿತದ್ದು. 1234ರಲ್ಲಿ ಒಂಬತ್ತನೆಯ ಗ್ರೆಗರಿ ಪೋಪರ ಧರ್ಮಶಾಸನ ಸಂಗ್ರಹವು ಈ ಅಧಿಕಾರ ರೋಮಿನದೇ ಎಂದು ಗೊತ್ತುಪಡಿಸಿತು. 1588ರಲ್ಲಿ ಇದಕ್ಕೆಂದು ಒಂದು ಇಲಾಖೆಯೇ ಹುಟ್ಟಿತು. 1634ರಲ್ಲಿ ಎಂಟನೆಯ ಅರ್ಬನ್ ಪೋಪರು ಹಾಕಿದ ಕಟ್ಟಳೆ ನಮ್ಮವರಿಗೆ ವಿಚಿತ್ರವಾಗಿ ಕಾಣಬಹುದು. ರೋಮಿನ ಒಪ್ಪಿಗೆಗೆ ಮುಂಚೆ ಯಾರಿಗಾದರೂ ಬಹಿರಂಗ ಪೂಜೆ ಸಲ್ಲುತ್ತಿದ್ದರೆ ಅದೇ ಅವರ ವಿಚಾರಣೆಗೆ ಅಡ್ಡಿ! ಜನರ ಭಕ್ತಿ ಇರಲೇಬೇಕು, ಆದರೆ ಅದು ಪೂಜೆಯಾಗಿ ಮುಂದೆ ನುಗ್ಗಕೂಡದು. ಭಕ್ತಿಯನ್ನು ಬೇಡುತ್ತಲೇ ಭಕ್ತಿಗೆ ಲಗಾಮು ಹಾಕುವ ಈ ಬಗೆಯನ್ನು ನಮ್ಮ ಮತಗಳಲ್ಲಿ ನಾವು ಕಂಡಿಲ್ಲ.

ಇಂದು ನಡೆಯುವ ಕ್ರಮದ ಮುಖ್ಯ ರೂಪ 1983ರಲ್ಲಿ ಎರಡನೆಯ ಜಾನ್ ಪಾಲ್ ಪೋಪರು ಹೊರಡಿಸಿದ ಶಾಸನದಿಂದ ಬಂದದ್ದು. ವ್ಯಕ್ತಿ ತೀರಿಕೊಂಡು ಐದು ವರ್ಷವಾದರೂ ಕಳೆದಿರಬೇಕು. ಮೊದಲ ಬಿಸಿ ಆರಲಿ ಎಂಬುದು ಉದ್ದೇಶ. ಬಳಿಕ ಭಕ್ತರೋ ಒಂದು ಮಠವೋ ವಾದಿಗಳಾಗಿ ನಿಂತು, ತಮ್ಮ ಪರವಾಗಿ ಒಬ್ಬ ಪ್ರತಿನಿಧಿಯನ್ನು ನೇಮಿಸಿ, ಬಿಷಪ್ಪರಿಗೆ ಅರ್ಜಿ ಕೊಡಬೇಕು. ಬಿಷಪ್ಪರು ಸಾಕ್ಷಿಗಳ ಹೇಳಿಕೆ ಪಡೆಯುತ್ತಾರೆ. ಆ ವ್ಯಕ್ತಿ ಬರೆದುದನ್ನೆಲ್ಲ ಪಂಡಿತರಿಂದ ಓದಿಸುತ್ತಾರೆ. ಕಾಗದಪತ್ರಗಳನ್ನು ಮುದ್ರೆ ಹಾಕಿ ರೋಮಿಗೆ ಕಳುಹಿಸುತ್ತಾರೆ. ವಿಚಾರಣೆ ತೆರೆದ ಕೂಡಲೆ ಅವರಿಗೆ ‘ದೇವರ ಸೇವಕ’ ಎಂಬ ಹೆಸರು. ರೋಮಿನಲ್ಲಿ ಅವರ ಜೀವನವನ್ನೂ ಗುಣಗಳನ್ನೂ ಸಾಧಿಸುವ ಒಂದು ದೊಡ್ಡ ನಿರೂಪಣೆ ಸಿದ್ಧವಾಗುತ್ತದೆ. ದೇವತಾಶಾಸ್ತ್ರಜ್ಞರೂ ಕಾರ್ಡಿನಲ್ಲರೂ ಅದನ್ನು ಒಪ್ಪಿ, ಪೋಪರು ಮನ್ನಿಸಿದರೆ ಅವರು ‘ಪೂಜ್ಯ’ರು. ಒಂದು ಪವಾಡ ರುಜುವಾತಾದರೆ ‘ಧನ್ಯ’ರು. ಆ ಮೇಲೆ ನಡೆದ ಇನ್ನೊಂದು ಪವಾಡವೂ ರುಜುವಾತಾದರೆ ‘ಸಂತ’ರು. ನಂಬಿಕೆಗಾಗಿ ಕೊಲೆಯಾದ ರಕ್ತಸಾಕ್ಷಿಗಳಿಗೆ ಮೊದಲನೆಯ ಪವಾಡದಿಂದ ವಿನಾಯಿತಿಯುಂಟು.

ಪವಾಡವೆಂದರೆ ಸಾಮಾನ್ಯವಾಗಿ ರೋಗ ವಾಸಿಯಾದ ಸಂಗತಿ. ಅದನ್ನು ಮೊದಲು ನೋಡುವವರು ಪಾದ್ರಿಗಳಲ್ಲ, ವೈದ್ಯರು. ಹಠಾತ್ತಾಗಿ, ಪೂರ್ಣವಾಗಿ, ಮರುಕಳಿಸದಂತೆ, ವೈದ್ಯಶಾಸ್ತ್ರಕ್ಕೆ ತಿಳಿದ ಕಾರಣವಿಲ್ಲದೆ ಗುಣವಾಯಿತೆಂದು ಅವರು ಹೇಳಬೇಕು. 2016ರ ನಿಯಮದಂತೆ ಏಳು ಮಂದಿ ವೈದ್ಯರ ಮಂಡಲಿಯಲ್ಲಿ ಐದು ಮಂದಿಯಾದರೂ ಒಪ್ಪಬೇಕು. ಪವಾಡವನ್ನು ನಂಬುವುದು ಬಿಡುವುದು ಅವರವರ ಮನಸ್ಸು. ನಮಗೆ ಕುತೂಹಲವನ್ನುಂಟುಮಾಡುವುದು ಇಷ್ಟೇ: ನಂಬುವವರೇ ತಮ್ಮ ನಂಬಿಕೆಗೆ ಪಾಟೀ ಸವಾಲಿನ ಏರ್ಪಾಡು ಮಾಡಿಕೊಂಡಿದ್ದಾರೆ. ಹಿಂದೆ ಇದಕ್ಕೆಂದೇ ಒಬ್ಬ ಅಧಿಕಾರಿಯಿದ್ದರು. ಅವರ ನಿಜವಾದ ಪದವಿಯ ಹೆಸರು ಧರ್ಮಪಾಲಕನೆಂಬ ಅರ್ಥದ್ದು. ಜನರ ಬಾಯಲ್ಲಿ ಅವರು ಸೈತಾನನ ವಕೀಲರು. ಅರ್ಜಿಯ ವಿರುದ್ಧವಾಗಿ ಏನೇನು ಹೇಳಬಹುದೋ ಅದನ್ನೆಲ್ಲ ಹೇಳುವುದು ಅವರ ಕರ್ತವ್ಯ. 1983ರ ಬಳಿಕ ಆ ಅಧಿಕಾರ ಬಹಳ ಕುಗ್ಗಿತು. ಜಾನ್ ಪಾಲ್ ಪೋಪರೊಬ್ಬರೇ 482 ಮಂದಿಯನ್ನು ಸಂತರೆಂದು ಸಾರಲು ಸಾಧ್ಯವಾದುದಕ್ಕೆ ಇದೂ ಒಂದು ಕಾರಣ. ವಕೀಲರನ್ನು ಅಷ್ಟು ಬೇಗ ಮೂಲೆಗೆ ಕೂರಿಸಬಾರದಾಗಿತ್ತೆಂಬುದು ನಮ್ಮ ಅಭಿಪ್ರಾಯ.

ಇದೆಲ್ಲ ಕ್ಯಾಥೊಲಿಕರ ಕ್ರಮ. ಪೂರ್ವದೇಶದ ಆರ್ಥಡಾಕ್ಸ್ ಸಭೆಗಳಲ್ಲಿ ಬಿಷಪ್ಪರ ಪರಿಷತ್ತು ಕೂಡಿ ಜನರ ಭಕ್ತಿಯನ್ನು ಮನ್ನಿಸಿ ಸಾರುತ್ತದೆ. ಪವಾಡಗಳ ಎಣಿಕೆ ಕಟ್ಟುನಿಟ್ಟಲ್ಲ. ಮಲಯಾಳ ದೇಶದ ಪರುಮಲದ ಗ್ರೆಗೋರಿಯೋಸ್ ಬಿಷಪ್ಪರು 1902ರಲ್ಲಿ ತೀರಿಕೊಂಡರು. 1947ರಲ್ಲಿ ಅವರ ಸಭೆ ಅವರನ್ನು ಸಂತರೆಂದು ಸಾರಿತು. ನಮ್ಮ ಮೈಸೂರು ಸೀಮೆಯಲ್ಲಿ ಶಾಲೆ ಆಸ್ಪತ್ರೆಗಳನ್ನು ನಡೆಸಿದ ವೆಸ್ಲಿಯನ್ನರ ಪಂಗಡದಲ್ಲಿ ಇಂಥ ಘೋಷಣೆಯ ಪದ್ಧತಿಯೇ ಇಲ್ಲ.

ಅದೇ 1947ರಲ್ಲಿ ರೋಮಿನಲ್ಲಿ ಸಂತರೆನಿಸಿದ ಇನ್ನೊಬ್ಬರ ಕಥೆ ನಮ್ಮ ವಿಷಯಕ್ಕೆ ತೀರ ಹತ್ತಿರದ್ದು. ಜಾನ್ ದೆ ಬ್ರಿಟ್ಟೊ ಎಂಬ ಪೋರ್ಚುಗೀಸ್ ಯೇಸುಸಭೆಯವರು ಮಧುರೆಯ ಸೀಮೆಯಲ್ಲಿ ಕಾವಿಯುಟ್ಟು ಸಂನ್ಯಾಸಿಯಂತೆ ಬಾಳಿದರು. 1693ರಲ್ಲಿ ಮರವರ ನಾಡಿನ ಓರಿಯೂರಿನಲ್ಲಿ ಅವರ ತಲೆ ಹೊಡೆಯಲಾಯಿತು. ಅವರ ವಿಚಾರಣೆ ಬಹುಕಾಲ ತಡೆದು ನಿಂತದ್ದಕ್ಕೆ ಕಾರಣವಾದುದು ಆ ಕಾವಿ, ಆ ಆಚಾರ. ಈ ದೇಶದ ನಡೆಯನ್ನು ಅನುಸರಿಸಿದವರು ಶುದ್ಧ ಕ್ರೈಸ್ತರೇ ಎಂಬ ಆಕ್ಷೇಪ ಎದ್ದಿತು. ಆ ನಡೆಯ ಮೇಲೆ ರೋಮಿನಲ್ಲಿ ದೊಡ್ಡ ವ್ಯಾಜ್ಯವೇ ನಡೆಯುತ್ತಿತ್ತು. 1741ರಲ್ಲಿ ಹದಿನಾಲ್ಕನೆಯ ಬೆನೆಡಿಕ್ಟ್ ಪೋಪರು ಇದು ಅಡ್ಡಿಯಲ್ಲವೆಂದು ತೀರ್ಮಾನಿಸಿದರು. ಇವರು ಪೋಪರಾಗುವುದಕ್ಕೆ ಮೊದಲು ಬಹುಕಾಲ ಸೈತಾನನ ವಕೀಲರಾಗಿಯೇ ದುಡಿದು, ಸಂತಪದವಿಯ ನ್ಯಾಯವನ್ನು ಕುರಿತು ದೊಡ್ಡ ಗ್ರಂಥವನ್ನು ಬರೆದಿದ್ದವರು. ಆದರೂ ಬ್ರಿಟ್ಟೊ ಅವರು ಧನ್ಯರಾದುದು 1853ರಲ್ಲಿ. ಹದಿನೇಳನೆಯ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರಿನ ಕ್ರೈಸ್ತ ಮಿಷನನ್ನು ಸ್ಥಾಪಿಸಿದ ಲಿಯೊನಾರ್ಡೊ ಚಿನ್ನಮಿಯವರೂ ಇದೇ ಯೇಸುಸಭೆಯವರು.

ಕನ್ನಡ ನಾಡಿನಲ್ಲಿ ಸೇವೆ ಮಾಡಿ ಸಂತರಾದವರೂ ಉಂಟು. ಗೋವೆಯಲ್ಲಿ 1651ರಲ್ಲಿ ಹುಟ್ಟಿದ ಜೋಸೆಫ್ ವಾಜರು 1681ರಿಂದ ಮೂರು ವರ್ಷ ಕನ್ನಡ ಜಿಲ್ಲೆಯ ಕರಾವಳಿಯಲ್ಲಿದ್ದರು. ಮಂಗಳೂರು, ಬಸರೂರು, ಕುಂದಾಪುರ, ಗಂಗೊಳ್ಳಿಗಳಲ್ಲಿ ಅವರ ಓಡಾಟ. ಮಂಗಳೂರಿನ ಬಳಿಯ ಮುಡಿಪಿನಲ್ಲಿ ಇಂದಿಗೂ ಅವರ ಹೆಸರಿನ ಪುಣ್ಯಸ್ಥಳವಿದೆ. 1687ರಲ್ಲಿ, ಕ್ಯಾಥೊಲಿಕ್ ಪಾದ್ರಿಗಳು ಕಾಲಿಡಕೂಡದೆಂದು ಡಚ್ಚರು ನಿಷೇಧಿಸಿದ್ದ ಸಿಂಹಳಕ್ಕೆ ಅವರು ಕೂಲಿಯವರ ವೇಷದಲ್ಲಿ ದಾಟಿಹೋದರು. ಕ್ಯಾಂಡಿಯ ಅರಸರು ಅವರನ್ನು ಗೂಢಚಾರರೆಂದು ಶಂಕಿಸಿ ಸೆರೆಯಲ್ಲಿಟ್ಟರು. 1697ರಲ್ಲಿ ಆ ಊರಿಗೆ ಸಿಡುಬು ಬಂದಿತು. ಅರಸನೂ ಸಿರಿವಂತರೂ ಊರು ಬಿಟ್ಟರು; ರೋಗಿಗಳನ್ನು ಮನೆಯವರೇ ಕಾಡಿಗೆ ಒಯ್ದು ಬಿಟ್ಟರು. ವಾಜರು ಅವರಿಗೆ ಗುಡಿಸಲು ಕಟ್ಟಿಸಿ, ತಮ್ಮ ಕೈಯಿಂದಲೇ ಉಣಿಸಿ, ಹುಣ್ಣು ತೊಳೆದು, ಸತ್ತವರನ್ನು ಹೂಳಿದರು. ಮತಭೇದವನ್ನು ನೋಡಲಿಲ್ಲ. 1711ರಲ್ಲಿ ಅವರು ಕ್ಯಾಂಡಿಯಲ್ಲಿ ಕಣ್ಮುಚ್ಚಿದರು. ಕೆಲವೇ ವರ್ಷಗಳಲ್ಲಿ ವಿಚಾರಣೆಯ ಪ್ರಯತ್ನ ಮೊದಲಾಯಿತು, ನಿಂತಿತು, ಮತ್ತೆ ತಲೆಯೆತ್ತಿದ್ದು ಇಪ್ಪತ್ತನೆಯ ಶತಮಾನದಲ್ಲಿ. 1995ರಲ್ಲಿ ಧನ್ಯರಾದರು. 2015ರ ಜನವರಿ 14ರಂದು ಫ್ರಾನ್ಸಿಸ್ ಪೋಪರು ಕೊಲಂಬೊ ನಗರದಲ್ಲಿ ಅವರನ್ನು ಸಂತರೆಂದು ಸಾರಿದಾಗ ಎರಡನೆಯ ಪವಾಡವನ್ನು ಕೇಳಲಿಲ್ಲ. ತೀರಿಕೊಂಡ 304 ವರ್ಷಗಳ ಮೇಲೆ! ಅದೇ ವರ್ಷ ಮೇ ತಿಂಗಳಲ್ಲಿ ಸಂತರಾದ ಪ್ಯಾಲೆಸ್ತೀನಿನ ಮರಿಯಂ ಬವಾರ್ದಿ ಎಂಬ ಸಂನ್ಯಾಸಿನಿಯೂ 1870ರಿಂದ 1872ರವರೆಗೆ ಮಂಗಳೂರಿನ ಕಾರ್ಮೆಲ್ ಮಠದಲ್ಲಿ ಇದ್ದವರೇ.

ಈಗ ಗಂಜಾಮಿಗೆ ಹಿಂದಿರುಗೋಣ. ದುಬಾಯ್ ಅವರ ಬಾಳಿನಲ್ಲಿಯೂ ಸಿಡುಬು ಬರುತ್ತದೆ. ಹಾಲು ಹಿಂಡುವವರ ಗೋಸಿಡುಬನ್ನು ನೋಡಿ ಜೆನ್ನರ್ ಕಂಡುಹಿಡಿದ ದಾಕು ಹಾಕುವ ವಿದ್ಯೆ ಆಗ ಹೊಸದು. ಜನಕ್ಕೆ ಅದರ ಭಯ. ದುಬಾಯ್ ಅವರು ಮುಂದೆ ನಿಂತು ಅದನ್ನು ಹಬ್ಬಿಸಿದರು. 1803-04ರಲ್ಲಿ ಅವರ ಮೇಲ್ವಿಚಾರಣೆಯಲ್ಲಿ ದಾಕು ಹಾಕಿಸಿಕೊಂಡವರ ಲೆಕ್ಕ 25,432 ಎಂದು ದಾಖಲೆಯಿದೆ. ವಾಜರು ಹುಣ್ಣು ತೊಳೆದರು. ದುಬಾಯ್ ಅವರು ಹುಣ್ಣೇ ಏಳದಂತೆ ನೋಡಿಕೊಂಡರು. ಉಳಿದ ಜೀವಗಳನ್ನೆಣಿಸಿದರೆ ಯಾರ ತಟ್ಟೆ ತೂಗುತ್ತದೆಯೋ! ಆದರೆ ಸಂತಪದವಿಯ ನ್ಯಾಯಸ್ಥಾನ ಉಪಕಾರದ ಮೊತ್ತವನ್ನು ತೂಗುವುದಿಲ್ಲ. ಅದು ನೋಡುವುದು ಆ ಉಪಕಾರ ಮಾಡುವಾಗ ವ್ಯಕ್ತಿ ತನ್ನನ್ನು ಎಷ್ಟರಮಟ್ಟಿಗೆ ಕೊಟ್ಟುಕೊಂಡ ಎಂಬುದನ್ನು. ನಂಬಿಕೆ, ಭರವಸೆ, ಪ್ರೇಮ ಮೊದಲಾದ ಗುಣಗಳು ಅವನಲ್ಲಿ ಸಾಮಾನ್ಯರ ಅಳತೆಯನ್ನು ಮೀರಿ ವೀರರ ಮಟ್ಟಕ್ಕೆ ಏರಿದ್ದುವೇ ಎಂಬುದು ಅದರ ಪ್ರಶ್ನೆ. ಅವರು ಬಳಸುವ ಪದವೂ ವೀರಗುಣವೆಂಬುದೇ. ನಮ್ಮ ವೀರಗಲ್ಲು ಇಲ್ಲಿ ಅನಿರೀಕ್ಷಿತವಾಗಿ ಎದುರಾಗುತ್ತದೆ.

ದುಬಾಯ್ ಅವರ ಅರ್ಜಿಯನ್ನು ಯಾರಾದರೂ ಹಾಕಿದ್ದರೆ ಹಳೆಯ ಸೈತಾನನ ವಕೀಲರು ಏನೆನ್ನುತ್ತಿದ್ದರು? ನಾವೇ ಕ್ಷಣಕಾಲ ಆ ಕರಿಯಂಗಿ ತೊಟ್ಟು ನೋಡೋಣ. ಮೊದಲನೆಯದು ಅವರ ಪುಸ್ತಕ. ಹಿಂದೂಗಳ ಆಚಾರ ವ್ಯವಹಾರಗಳನ್ನು ಕುರಿತ ಅವರ ಹಸ್ತಪ್ರತಿಯನ್ನು ಕಂಪೆನಿ ಸರ್ಕಾರವು 1807ರಲ್ಲಿ 2,000 ವರಹಗಳಿಗೆ ಕೊಂಡಿತು. 1816ರಲ್ಲಿ ಅದು ಇಂಗ್ಲಿಷಿನಲ್ಲಿ ಅಚ್ಚಾಗಿ ಲೋಕಪ್ರಸಿದ್ಧವಾಯಿತು. 1987ರಲ್ಲಿ ಸಿಲ್ವಿಯಾ ಮ್ಯೂರ್ ಎಂಬ ಫ್ರೆಂಚ್ ವಿದುಷಿ ಇದರ ಬಹುಭಾಗ ಕ್ಯೂರ್ದೂ ಎಂಬ ಯೇಸುಸಭೆಯ ಹಿರಿಯರ ಬರಹದಿಂದ ಬಂದದ್ದೆಂದು ತೋರಿಸಿದರು. ಇನ್ನೊಬ್ಬರ ದುಡಿಮೆಯನ್ನು ಹೆಸರೆತ್ತದೆ ಬಳಸಿಕೊಂಡವರಲ್ಲಿ ವೀರಗುಣವೆಲ್ಲಿ ಎಂದು ವಕೀಲರು ಕೇಳದೆ ಬಿಡುವರೆ? ಎರಡನೆಯದು 1823ರಲ್ಲಿ ಅಚ್ಚಾದ ಅವರ ಪತ್ರಗಳು. ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವ ಕಾರ್ಯ ಇಂದಿನ ಸ್ಥಿತಿಯಲ್ಲಿ ಕೈಗೂಡದೆಂದು ಅವರು ಅಲ್ಲಿ ಬಿಚ್ಚಿ ಬರೆದರು. ಭರವಸೆಯೆಂಬುದು ಪರೀಕ್ಷೆಗೊಳಪಡುವ ಗುಣಗಳಲ್ಲಿ ಒಂದು. ಇವರು ಕೈಚೆಲ್ಲಿದರಲ್ಲ ಎಂಬುದು ವಕೀಲರ ಎರಡನೆಯ ಬಾಣ. ನಮ್ಮನ್ನು ಕೇಳಿದರೆ ಈ ಎರಡನೆಯದು ದೋಷವಲ್ಲ. ಕಂಡದ್ದನ್ನು ಕಂಡಂತೆ ತಮ್ಮವರ ಮುಂದೆಯೇ ಹೇಳಿದ ದಿಟ್ಟತನ. ಮೊದಲನೆಯದಕ್ಕೆ ಮಾತ್ರ ನಮ್ಮಲ್ಲಿ ಉತ್ತರವಿಲ್ಲ. ಆ ಕಾಲದಲ್ಲಿ ಹಾಗೆ ಮಾಡುವುದು ವಾಡಿಕೆಯಾಗಿತ್ತೆನ್ನಬಹುದು. ವಾಡಿಕೆಯನ್ನು ಮೀರಿದವರನ್ನೇ ಅಲ್ಲವೆ ಆ ನ್ಯಾಯಸ್ಥಾನ ಹುಡುಕುವುದು?

ಶ್ರೀರಂಗಪಟ್ಟಣದ ನೆಲದಲ್ಲಿಯೇ ಇನ್ನೊಂದು ಮೊಕದ್ದಮೆ ಹುದುಗಿದೆ. 1784ರಲ್ಲಿ ಟಿಪ್ಪು ಸುಲ್ತಾನರು ಕನ್ನಡ ಜಿಲ್ಲೆಯ ಕರಾವಳಿಯಿಂದ ಕ್ರೈಸ್ತರನ್ನು ಸಾವಿರಗಟ್ಟಲೆ ಹಿಡಿಸಿ ಇಲ್ಲಿಗೆ ತರಿಸಿದರು. ದಾರಿಯಲ್ಲಿ ಸತ್ತವರುಂಟು, ಸೆರೆಯಲ್ಲಿ ಸತ್ತವರುಂಟು, ಬಲವಂತದಿಂದ ಮತ ಬಿಟ್ಟವರುಂಟು. ಉಳಿದವರಿಗೆ ಬಿಡುಗಡೆಯಾದುದು 1799ರಲ್ಲಿ. ಮತ ಬಿಡಿಸಲ್ಪಟ್ಟವರನ್ನು ಮರಳಿ ಸೇರಿಸಿಕೊಳ್ಳುವುದು ದುಬಾಯ್ ಅವರ ಮೊದಲ ಕೆಲಸಗಳಲ್ಲೊಂದಾಗಿತ್ತು. ಸತ್ತವರು ರಕ್ತಸಾಕ್ಷಿಗಳಲ್ಲವೆ? ನ್ಯಾಯಸ್ಥಾನವು ಮೊದಲು ಕೇಳುವುದು ಕೊಂದವನ ಮನಸ್ಸನ್ನು: ಮತದ್ವೇಷದಿಂದಲೋ, ಇಂಗ್ಲಿಷರಿಗೆ ನೆರವಾದರೆಂಬ ಶಂಕೆಯಿಂದಲೋ? ಚರಿತ್ರಕಾರರು ಇಂದಿಗೂ ಈ ಮಾತಿನಲ್ಲಿ ಒಮ್ಮತಕ್ಕೆ ಬಂದಿಲ್ಲ. ಅದು ಆಮೇಲೆ ಕೇಳುವುದು ಹೆಸರನ್ನು: ಯಾರು, ಯಾವ ದಿನ, ಯಾವ ಸ್ಥಿತಿಯಲ್ಲಿ, ಕಂಡವರಾರು? ಕಾವೇರಿಯ ದಡದಲ್ಲಿ ಮಣ್ಣಾದ ತಾಯಂದಿರೂ ಮಕ್ಕಳೂ ಈ ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟು ಹೋಗಲಿಲ್ಲ. ಸಾಕ್ಷ್ಯವನ್ನು ಬೇಡುವ ನ್ಯಾಯದ ಹಿರಿಮೆಯೂ ಅದರ ಕಠೋರತೆಯೂ ಇಲ್ಲಿ ಒಟ್ಟಿಗೆ ಕಾಣುತ್ತವೆ. ಹೆಸರಿಲ್ಲದವರಿಗಾಗಿ ಧರ್ಮಸಭೆಯಲ್ಲಿ ಬೇರೊಂದು ದಿನವಿದೆ: ನವೆಂಬರ್ 1ರ ಸಕಲ ಸಂತರ ಹಬ್ಬ. ಪಟ್ಟಿಗೆ ಬಾರದವರನ್ನೂ ಅಂದು ಸಂತರೆಂದೇ ನೆನೆಯುತ್ತಾರೆ. ಘೋಷಣೆಯಿಂದ ಯಾರೂ ಸ್ವರ್ಗಕ್ಕೆ ಸೇರುವುದಿಲ್ಲ. ಸೇರಿದ್ದಾರೆಂಬ ನಿಶ್ಚಯ ಭೂಮಿಯ ಮೇಲಿನವರಿಗೆ ಆಗುತ್ತದೆ, ಅಷ್ಟೆ, ಎಂಬುದು ಅವರ ಸಿದ್ಧಾಂತ. ನಮ್ಮ ಮಿತ್ರರ ಪ್ರಶ್ನೆಗೆ ಅರ್ಧ ಉತ್ತರ ಇದರಲ್ಲಿಯೇ ಇದೆ.

ಇನ್ನರ್ಧ ಬಹಳ ಲೌಕಿಕವಾದದ್ದು. ವಿಚಾರಣೆಗೆ ವಾದಿಗಳು ಬೇಕು. ತಲೆಮಾರುಗಳವರೆಗೆ ಕಾಗದಗಳನ್ನು ಕಾಪಾಡುವ ಸಂಸ್ಥೆ ಬೇಕು, ಹಣ ಬೇಕು, ನೆರೆಯುವ ಜನ ಬೇಕು. ವಾಜರಿಗೆ ಗೋವೆಯೂ ಸಿಂಹಳವೂ ಮೂರು ಶತಮಾನಗಳವರೆಗೆ ಮರೆಯದೆ ನಿಂತವು. ದುಬಾಯ್ ಅವರಾದರೋ 1823ರ ಆರಂಭದಲ್ಲಿ ಕಂಪೆನಿಯವರು ಕೊಟ್ಟ ವಿಶ್ರಾಂತಿವೇತನದೊಂದಿಗೆ ಹಡಗು ಹತ್ತಿದರು. ಪ್ಯಾರಿಸಿನಲ್ಲಿ ತಮ್ಮ ಮಿಷನ್ ಸಂಸ್ಥೆಯ ಮುಖ್ಯಸ್ಥರೂ ಆಗಿ, 1848ರಲ್ಲಿ ಅಲ್ಲಿಯೇ ತೀರಿಕೊಂಡರು. ಸಮಾಧಿಯಿಲ್ಲದ ಊರಿನಲ್ಲಿ ಭಕ್ತಿ ಬೆಳೆಯದೆಂದಲ್ಲ. ಆದರೆ ದೀಪ ಹಚ್ಚುವುದಕ್ಕೆ ಒಂದು ಕಲ್ಲು ಇದ್ದರೆ ಅದರ ದಾರಿ ಬೇರೆ. ಧರ್ಮಸಭೆಯ ಕಟ್ಟಳೆಯಂತೆ ವಿಚಾರಣೆ ನಡೆಸುವ ಅಧಿಕಾರ ವ್ಯಕ್ತಿ ಯಾವ ಸ್ಥಳದಲ್ಲಿ ತೀರಿಕೊಂಡನೋ ಅಲ್ಲಿಯ ಬಿಷಪ್ಪರದು. ಬೇರೆ ಕಡೆ ನಡೆಸಬೇಕಾದರೆ ರೋಮಿನ ಅಪ್ಪಣೆ ಬೇಕು. ಗಂಜಾಮಿನವರು ಮನಸ್ಸು ಮಾಡಿ, ತಮ್ಮ ದೊಡ್ಡ ಸ್ವಾಮಿಯವರ ಪರವಾಗಿ ನಾಳೆ ಅರ್ಜಿ ಬರೆದರೆ, ಮೈಸೂರಿನ ಬಿಷಪ್ಪರು ತಾವಾಗಿ ಅದನ್ನು ಕೈಗೆತ್ತಿಕೊಳ್ಳುವಂತಿಲ್ಲ. ಆ ಕಾಗದ ಮೊದಲು ಪ್ಯಾರಿಸಿಗೆ ಹೋಗಬೇಕು.